ಸ್ಲೀಪಿಂಗ್ ಬ್ಯಾಗಿನ ಅಕ್ಕ

ಅವರ ಮನೆಯಲ್ಲಿ ಎರಡು ಮಲಗುವ ಕೋಣೆಗಳಿದ್ದವು. ಒಂದರಲ್ಲಿ ಅವರು ಮಲಗುತ್ತಿದ್ದರು, ಇನ್ನೊಂದರಲ್ಲಿ ಸ್ಲೀಪಿಂಗ್ ಬ್ಯಾಗುಗಳಿದ್ದವು. ಹಾಸಿ ಇಟ್ಟದ್ದಲ್ಲ, ಮಡಚಿ ಇಟ್ಟದ್ದೂ ಅಲ್ಲ. ಗೋಡೆಯಿಂದ ಗೋಡೆಗೆ ಕಬ್ಬಿಣದ ಪೈಪು ಹಾಕಿಸಿ, ಹಳೆಯ ಇಳಕಲ್ ಸೀರೆಗಳಿಂದ ದೊಗಳೆ ಚೀಲಗಳನ್ನು ಹೊಲಿದು, ಒಂದೊಂದರೊಳಗೂ ಒಂದೊಂದು ಬ್ಯಾಗನ್ನು ಸಡಿಲವಾಗಿ ಬಿಟ್ಟು ಸಾಲಾಗಿ ತೂಗುಹಾಕಿದ್ದರು. ವಡೋದರದ ಗೋರ್ವಾದಲ್ಲಿ, ಆ ಅಂಗೈಯಗಲದ ಫ್ಲ್ಯಾಟಿನಲ್ಲಿ, ಇಡೀ ಒಂದು ಕೋಣೆಯನ್ನು ಹೀಗೆ ಬಿಟ್ಟುಕೊಟ್ಟ ಒಂಟಿ ಹೆಂಗಸಿನ ಬಗ್ಗೆ ಹೌಸಿಂಗ್ ಸೊಸೈಟಿಯ ಜನ ಏನೇನೋ ಅಂದುಕೊಳ್ಳುತ್ತಿದ್ದರು. ಅಂದುಕೊಳ್ಳಲಿ ಎಂದು ಅಕ್ಕ ಸುಮ್ಮನಿದ್ದರು.

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ಅವರು ಬಾಗಲಕೋಟೆಯ ಕಡೆಯವರು, ನಾನು ತಿಪಟೂರಿನವಳು. ಕೊಯಾಲಿಯ ರಿಫೈನರಿಯಲ್ಲಿ ಪೆಟ್ರೋಲು, ಡೀಸೆಲ್ಲಿನ ಸ್ಯಾಂಪಲ್ ಪರೀಕ್ಷಿಸುವ ಲ್ಯಾಬಿನಲ್ಲಿ ಅವರು ಇಡೀ ಆಯುಷ್ಯ ಕಳೆದು ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದರೆ, "ಶಿಫ್ಟ್ ಡ್ಯೂಟಿ ಇತ್ತವಾ, ಟೈಮ ಆಗಲಿಲ್ಲ" ಎನ್ನುತ್ತಿದ್ದರು. ಹಾಗೆಂದು ನಗುತ್ತಲೂ ಇರಲಿಲ್ಲ, ಅಳುತ್ತಲೂ ಇರಲಿಲ್ಲ. ಬಸ್ಸು ತಪ್ಪಿಹೋಯಿತು ಎನ್ನುವವರ ಧಾಟಿಯಲ್ಲಿ ಹೇಳಿ ಚಹಾಕ್ಕೆ ನೀರಿಡಲು ಹೋಗುತ್ತಿದ್ದರು.

ನಾನು ಆಗ ಮಂಜಲ್‌ಪುರದಲ್ಲಿ ಇನ್ನಿಬ್ಬರು ಹುಡುಗಿಯರೊಂದಿಗೆ ಬಾಡಿಗೆಗಿದ್ದೆ. ಮಕರ್‌ಪುರದ ಒಂದು ಖಾಸಗಿ ಕಂಪನಿಯಲ್ಲಿ ಕೆಲಸ. ಆಫೀಸಿನವರೆಲ್ಲ ಡಿಸೆಂಬರಿನಲ್ಲಿ ಆಬು ಬೆಟ್ಟಕ್ಕೆ ಹೋಗಿ ಟೆಂಟಿನಲ್ಲಿ ಮಲಗುವುದು ಎಂದಾಯಿತು. ನನ್ನ ಹತ್ತಿರ ಹೊದೆಯಲು ಇದ್ದದ್ದು ಅಮ್ಮ ಕೊಟ್ಟ ಒಂದು ಜಮಖಾನ. ಆಫೀಸಿನ ಒಬ್ಬಾಕೆ, "ಗೋರ್ವಾದಲ್ಲಿ ನಿಮ್ಮ ಕಡೆಯ ಬೆನ್ ಒಬ್ಬರಿದ್ದಾರೆ, ಸ್ಲೀಪಿಂಗ್ ಬ್ಯಾಗ್ ಕೊಡುತ್ತಾರೆ. ಆದರೆ ಬಯ್ಯುತ್ತಾರೆ" ಎಂದು ವಿಳಾಸ ಕೊಟ್ಟಳು. ಗುಜರಾತಿಯಲ್ಲಿ ಬೆನ್ ಎಂದರೆ ಅಕ್ಕ. ಕನ್ನಡದಲ್ಲಿ ಬೈಸಿಕೊಂಡು ಎಷ್ಟೋ ಕಾಲವಾಗಿತ್ತು. ಆ ಸಂಜೆಯೇ ಹೋದೆ.

ಬಾಗಿಲು ತೆರೆದವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ ಮೊದಲ ಪ್ರಶ್ನೆ, "ಮಲಗಿದಾಗ ಬೆವರತೀಯೇನು?" ಎಂದು. ಎರಡನೆಯದು, "ಹಾಸಿಗ್ಯಾಗ ಕುಂತು ತಿನ್ನೋ ಚಟ ಐತೇನು?" ಎಂದು. ನನಗೆ ಹೆಣ್ಣು ನೋಡಲು ಬಂದವರ ಎದುರು ಕೂತಂತೆ ಆಯಿತು. ಎರಡಕ್ಕೂ ಇಲ್ಲ ಎಂದೆ. ಎರಡನೆಯದು ಸುಳ್ಳು.

ಕೋಣೆಗೆ ಕರೆದೊಯ್ದು ಒಂದು ಸೀರೆಯ ಚೀಲದಿಂದ ನೀಲಿ ಬ್ಯಾಗೊಂದನ್ನು ಹೊರತೆಗೆದು ಅಲ್ಲಿದ್ದ ಮಂಚದ ಮೇಲೆ ಹರವಿದರು. ಅದು ನಿಧಾನಕ್ಕೆ ಉಸಿರೆಳೆದುಕೊಂಡು ಉಬ್ಬಿತು. ಒಳಗೆ ಬಾತುಕೋಳಿಯ ನವಿರು ಗರಿ ತುಂಬಿದೆ ಎಂದರು. ಎತ್ತಿ ನೋಡಿದರೆ ಭಾರವೇ ಇಲ್ಲ. ಪಕ್ಕದಲ್ಲಿ ಒಂದು ಪುಟ್ಟ ಚೀಲ ಇಟ್ಟು, "ಇದರಾಗ ತುಂಬು, ನೋಡೋಣು" ಎಂದರು.

ನಾನು ಅಮ್ಮನ ಮಗಳಲ್ಲವೇ. ಅಂಚಿಗೆ ಅಂಚು ಸೇರಿಸಿ, ಉದ್ದಕ್ಕೆ ಮಡಚಿ, ಮಂಡಿಯೂರಿ ಕೂತು ಹಾಸಿಗೆ ಸುರುಳಿ ಸುತ್ತುವ ಹಾಗೆ ಬಿಗಿಯಾಗಿ ಸುತ್ತತೊಡಗಿದೆ. ಮೆಚ್ಚುತ್ತಾರೆ ಎಂದುಕೊಂಡಿದ್ದೆ. ಅರ್ಧಕ್ಕೆ ಬರುವಷ್ಟರಲ್ಲಿ ಕೈಯಿಂದ ಕಿತ್ತುಕೊಂಡರು.

"ಇದು ಹಾಸಿಗಿ ಅಲ್ಲ ತಂಗಿ, ನೀ ಮದಿವಿ ಮನಿಗಿ ಹೊಂಟಿಲ್ಲ. ದಿನಾ ಒಂದ ಜಾಗಾದಾಗ ಮಡಚಿದ್ರ ಅಲ್ಲೇ ಗರಿ ಮುರಿತಾವ. ಮುರದಲ್ಲೆ ಥಂಡಿ ಬರತೈತಿ."

"ಮತ್ತೆ ಹೇಗೆ ತುಂಬೋದು?"

"ತುರುಕು. ಕಾಲಿನ ಕಡಿಂದ ಶುರು ಮಾಡಿ, ಮುಷ್ಟಿಲೆ ತುರುಕು. ಹೆಂಗ ಬೇಕ ಹಂಗ. ಯಾರ ಮ್ಯಾಲರ ಸಿಟ್ಟು ಐತೇನು?"

"ನಮ್ಮ ಮ್ಯಾನೇಜರ್ ಮೇಲಿದೆ."

"ಹಾಂ, ಅವನ್ನ ನೆನಸ್ಕೊಂಡು ತುರುಕು."

ಮ್ಯಾನೇಜರನ್ನು ನೆನೆಸಿಕೊಂಡೆ. ಅಷ್ಟು ದೊಡ್ಡ ಬ್ಯಾಗು ಅಷ್ಟು ಸಣ್ಣ ಚೀಲದೊಳಗೆ ಸಲೀಸಾಗಿ ಹೋಗಿಬಿಟ್ಟಿತು. ಅಕ್ಕ ಮೊದಲ ಬಾರಿ ನಕ್ಕರು. ಮುಂದಿನ ಹಲ್ಲೊಂದು ಸ್ವಲ್ಪ ಮುರಿದಿತ್ತು. ಹಿಮಾಲಯದ ಯಾವುದೋ ಕಣಿವೆಯಲ್ಲಿ ಜಾರಿಬಿದ್ದದ್ದಂತೆ. ಅದನ್ನು ಸರಿಮಾಡಿಸಿಕೊಳ್ಳಲಿಲ್ಲ ಯಾಕೆ ಎಂದರೆ, "ಇದ್ದದ್ದ ಒಂದ ಸರ್ಟಿಫಿಕೇಟು" ಎಂದರು.

ಹೊರಡುವಾಗ ತಾಕೀತು: ಊರಿಗೆ ಮರಳಿದ ಕೂಡಲೇ ತಂದುಕೊಡಬೇಕು, ನಾಳೆ ನಾಡಿದ್ದು ಎನ್ನಬಾರದು. ಪುಟ್ಟ ಚೀಲದಲ್ಲಿ ಅದು ಇರಬೇಕಾದದ್ದು ದಾರಿಯಲ್ಲಿ ಮಾತ್ರ. ಮನೆಯಲ್ಲಿ ಅದಕ್ಕೆ ಮೈಚಾಚಿಕೊಳ್ಳಲು ಜಾಗ ಬೇಕು. ಅದುಮಿಟ್ಟೇ ಇದ್ದರೆ ಒಂದು ದಿನ ಬಿಚ್ಚಿದಾಗ ಉಬ್ಬುವುದೇ ಇಲ್ಲ. ಬಿಸಿಲಿಗೆ ಹಾಕಬಾರದು, ನೆರಳಿನಲ್ಲಿ ಗಾಳಿಗೆ ಬಿಡಬೇಕು. ನುಸಿಗುಳಿಗೆ ಹಾಕಿದರೆ ಅವರು ಕೊಲೆ ಮಾಡುತ್ತಾರೆ. ನಾನು ಹೂಂ ಹೂಂ ಎಂದು ತಲೆಯಾಡಿಸಿ ಆಬುವಿಗೆ ಹೋಗಿ ಬಂದೆ. ವಾಪಸು ಕೊಡುವಾಗ ಅವರು ಬ್ಯಾಗಿನ ಒಳಗೆ ತಲೆ ತೂರಿಸಿ ಮೂಸಿ ನೋಡಿ, ಮುಖ ಹೊರಗೆ ತೆಗೆದು, "ಸೇವ್ ತಿಂದೀದಿ. ರತಲಾಮಿ" ಎಂದರು. ಯಾವ ಬಗೆಯ ಸೇವ್ ಎಂಬುದೂ ಸರಿಯಾಗಿತ್ತು.

ಆಮೇಲೆ ಭಾನುವಾರಗಳು ಅವರ ಮನೆಯಲ್ಲೇ ಆದವು. ಜೋಳದ ರೊಟ್ಟಿ ಬಡಿಯುತ್ತಿದ್ದರು, ಶೇಂಗಾ ಹಿಂಡಿ ಬಡಿಸುತ್ತಿದ್ದರು, ನನ್ನ ಕನ್ನಡವನ್ನು ಆಡಿಕೊಳ್ಳುತ್ತಿದ್ದರು. "ಹೋಗ್ಬುಟ್ಟು ಬಂದ್ಬುಟ್ಟು ಅಂತೀದಿ, ನಿಮ್ಮೂರಾಗ ಎಲ್ಲಾದಕ್ಕೂ ಬುಟ್ಟಿ ಬೇಕೇನು?" ನಾನು ಅವರ 'ಐತಿ ಐತಿ'ಯನ್ನು ಅಣಕಿಸುತ್ತಿದ್ದೆ. ವಾರವಿಡೀ ಹಿಂದಿ, ಗುಜರಾತಿಯಲ್ಲಿ ನಾಲಗೆ ತಿರುಗಿಸಿ ಸುಸ್ತಾದ ನಮಗಿಬ್ಬರಿಗೂ ಆ ಜಗಳ ಬೇಕಿತ್ತು. ಅವರಿಗೆ ಇನ್ನೂ ಹೆಚ್ಚು ಬೇಕಿತ್ತು ಎಂದು ನನಗೆ ದಿನ ಹೋದಂತೆ ತಿಳಿಯಿತು. ನಾನು ಚಪ್ಪಲಿ ಹಾಕಿಕೊಂಡ ಮೇಲೆ ಅವರಿಗೆ ಏನಾದರೊಂದು ನೆನಪಾಗುತ್ತಿತ್ತು. ಲಿಫ್ಟಿನ ಬಾಗಿಲು ಹಿಡಿದು ನಿಂತು ಇನ್ನೊಂದು ಕತೆ ಹೇಳುತ್ತಿದ್ದರು.

ಕತೆಗಳೆಲ್ಲ ಅವರ ಗುಂಪಿನವು. ಕೊಯಾಲಿಯ ಟೌನ್‌ಶಿಪ್ಪಿನಲ್ಲಿ ಆಗ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರ ಒಂದು ದಂಡು ಇತ್ತಂತೆ. ಭಾನುವಾರ ಹತ್ತಿರದ ಪಾವಾಗಢ ಬೆಟ್ಟ ಹತ್ತುವುದು, ಡಿಸೆಂಬರಿನಲ್ಲಿ ಆಬು, ಬೇಸಿಗೆಯಲ್ಲಿ ಹಿಮಾಲಯ. ಎಲ್ಲರೂ ಸೇರಿ ಒಳ್ಳೆಯ ಗರಿಯ ಬ್ಯಾಗುಗಳನ್ನು ತರಿಸಿಕೊಂಡರು. ಒಂದು ವರ್ಷ ಬೆಟ್ಟದ ಮೇಲೆ ಬಿಚ್ಚಿ ನೋಡಿದರೆ ಅರ್ಧಕ್ಕರ್ಧ ಬ್ಯಾಗುಗಳು ಚಪಾತಿಯ ಹಾಗೆ ಚಪ್ಪಟೆ. ಅಟ್ಟದ ಮೇಲೆ ವರ್ಷವಿಡೀ ಅದುಮಿಟ್ಟಿದ್ದರ ಫಲ. ಅವುಗಳಲ್ಲಿ ಮಲಗಿದವರೆಲ್ಲ ಬೆಳಗಿನವರೆಗೆ ಹಲ್ಲು ಕಟಕಟಿಸಿದರು. ಇಳಿದು ಬಂದ ಮೇಲೆ ಅಕ್ಕ, ಎಲ್ಲರಿಗಿಂತ ಹಿರಿಯವರಲ್ಲವೇ, "ಎಲ್ಲಾ ನನ್ನ ಕಡೆ ಕೊಡ್ರಿ" ಎಂದು ಇಸಿದುಕೊಂಡರು. ಅಂದಿನಿಂದ ಗುಂಪಿನ ನಿದ್ದೆಯ ಉಸ್ತುವಾರಿ ಅವರದಾಯಿತು. ಹೊರಡುವ ಮುಂಚೆ ಒಬ್ಬೊಬ್ಬರೇ ಬಂದು ತಮ್ಮದನ್ನು ಒಯ್ಯುತ್ತಿದ್ದರು, ಬಂದ ಮೇಲೆ ತಂದಿಡುತ್ತಿದ್ದರು, ಬೈಸಿಕೊಂಡು ರೊಟ್ಟಿ ತಿಂದು ಹೋಗುತ್ತಿದ್ದರು. ಯಾವುದು ಯಾರದ್ದು ಎಂದು ಅಕ್ಕನಿಗೆ ಸೀರೆಯ ಅಂಚಿನಿಂದಲೇ ಗೊತ್ತು. ನನಗೆ ಕೊಟ್ಟ ನೀಲಿಯದು ಅವರ ಸ್ವಂತದ್ದು. ಅವರಲ್ಲೆಲ್ಲ ಗಲಾಟೆಯವನು ಜಿಗ್ನೇಶ್ ಎಂಬ ಗುಜರಾತಿ ಹುಡುಗ. ಅಕ್ಕನನ್ನು ದೀದಿ ಎಂದು ಮೊದಲು ಕರೆದವನು ಅವನೇ. ಅವನು ಬ್ಯಾಗಿನೊಳಗೆ ಥೇಪ್ಲಾ ಬಚ್ಚಿಟ್ಟು ಮಲಗಿದ್ದು, ಇಲಿ ಬಂದದ್ದು, ಅದನ್ನು ಅಕ್ಕ ನನಗೆ ಹೇಳಿದಾಗಲೆಲ್ಲ ಇಲಿಯ ಗಾತ್ರ ಬೆಳೆಯುತ್ತಿತ್ತು.

ಜನ ಹೋಗುತ್ತಾರಲ್ಲ. ಒಬ್ಬರಿಗೆ ವರ್ಗ, ಒಬ್ಬರಿಗೆ ಮದುವೆ, ಒಬ್ಬರಿಗೆ ಮಂಡಿನೋವು. ಜಿಗ್ನೇಶ್ ಅಹಮದಾಬಾದಿಗೆ ಹೋದ. ಬ್ಯಾಗು ಮಾತ್ರ ಯಾರೂ ಒಯ್ಯಲಿಲ್ಲ. "ನಿಮ್ಮ ಹತ್ತಿರವೇ ಇರಲಿ ದೀದಿ, ಬರುವ ಡಿಸೆಂಬರಿಗೆ ಫೋನ್ ಮಾಡುತ್ತೇವೆ" ಎಂದರು. ಅಕ್ಕ ಆ ಮಾತನ್ನು ಹಾಗೆಯೇ ನಂಬಿದರು. ನವೆಂಬರ್ ಮುಗಿಯುತ್ತಿದ್ದಂತೆ ಬ್ಯಾಗುಗಳನ್ನೆಲ್ಲ ಹೊರತೆಗೆದು ಕೊಡವಿ, ಒಳಗು ಹೊರಗು ಮಾಡಿ ಗಾಳಿಗೆ ಬಿಟ್ಟು, ಜಿಪ್ಪುಗಳಿಗೆ ಮೇಣ ಸವರಿ ಸಿದ್ಧವಾಗುತ್ತಿದ್ದರು. ಮೊಬೈಲಿನ ಸದ್ದನ್ನು ಪೂರಾ ಏರಿಸಿ ಟೀಪಾಯಿಯ ಮೇಲಿಡುತ್ತಿದ್ದರು. ಸ್ನಾನಕ್ಕೆ ಹೋಗುವಾಗ ಅದನ್ನು ನನ್ನ ಕೈಗೆ ಕೊಟ್ಟು, "ಯಾರರ ಮಾಡಿದ್ರ ಇಡಬ್ಯಾಡ ಅನ್ನು, ಬಂದೆ" ಎನ್ನುತ್ತಿದ್ದರು. ನಾನು ಬಂದ ಮೊದಲ ವರ್ಷ ಇಬ್ಬರು ಫೋನ್ ಮಾಡಿದರು. ಮರುವರ್ಷ ಒಬ್ಬರು, ಅದೂ ಮಗಳ ನಿಶ್ಚಿತಾರ್ಥಕ್ಕೆ ಕರೆಯಲು. ಆಮೇಲೆ ಬ್ಯಾಂಕಿನವರು, ಇನ್ಶೂರೆನ್ಸಿನವರು.

"ನೀವೇ ಮಾಡಬಹುದಲ್ಲ ಅಕ್ಕಾ" ಎಂದೆ ಒಮ್ಮೆ.

"ಸಂಸಾರಸ್ತರು. ಯಾಕ ತ್ರಾಸ ಕೊಡೂದು? ಬೇಕಂದ್ರ ಅವರ ಕೇಳತಾರ."

"ಕೇಳದಿದ್ದರೆ?"

"ನಾ ಇಟಗೊಂಡ ಇರತೀನಿ." ಆಮೇಲೆ ಏನನ್ನೋ ಸರಿಪಡಿಸುವವರಂತೆ, "ಈ ಚೀಲಕ್ಕ ತನ್ನದು ಅಂತ ಬಿಸಿ ಇಲ್ಲವಾ. ಒಳಗ ಹೋದೋರ ಬಿಸೀನ ಇದು ಹಿಡದ ಇಡತೈತಿ, ಅಷ್ಟ" ಎಂದರು. ಅವರು ಎದ್ದು ಹೋಗಿ ರೊಟ್ಟಿ ಹಂಚನ್ನು ಜೋರಾಗಿ ತಿಕ್ಕತೊಡಗಿದರು.

ಅದರ ಮುಂದಿನ ದೀಪಾವಳಿಗೆ ಸ್ವಲ್ಪ ಮೊದಲು ಅಕ್ಕನಿಗೆ ಪಿತ್ತಕೋಶದ ಆಪರೇಷನ್ ಆಯಿತು. ಆಸ್ಪತ್ರೆಯಲ್ಲಿ ನಾನಿದ್ದೆ. ಮನೆಯ ಕೀಲಿ ಎದುರು ಮನೆಯ ಹಂಸಾಬೆನ್ ಹತ್ತಿರ ಇತ್ತು. ಹಂಸಾಬೆನ್ ಬಲು ಒಳ್ಳೆಯ ಹೆಂಗಸು. ನೆಲದಡಿ ಬೆಳೆದದ್ದನ್ನು ತಿನ್ನದ, ಇರುವೆ ತುಳಿಯದೆ ನಡೆಯುವ ಜೈನರು. ಗುಜರಾತಿನಲ್ಲಿ ದೀಪಾವಳಿ ಎಂದರೆ ಮೊದಲು ಮನೆ ತೊಳೆಯುವುದು. ಊರಿಗೆ ಊರೇ ಗಾದಿ, ರಜಾಯಿಗಳನ್ನು ಟೆರೇಸಿಗೆ ಹೊತ್ತು ಬಿಸಿಲಿಗೆ ಹಾಕುತ್ತದೆ. ಪಿಂಜಾರ ಬಿಲ್ಲು ಹಿಡಿದು ಬೀದಿಬೀದಿ ತಿರುಗುತ್ತಾನೆ. ವರ್ಷವಿಡೀ ಮಲಗಿ ಮಲಗಿ ಗಂಟುಕಟ್ಟಿದ ಹತ್ತಿಯನ್ನು ಬಿಡಿಸಿ, ಬಡಿದು, ಮತ್ತೆ ತುಂಬಿಕೊಡುತ್ತಾನೆ. ಒಂಟಿ ಬೆನ್ ಆಸ್ಪತ್ರೆಯಲ್ಲಿ ಮಲಗಿರುವಾಗ ಆಕೆಯ ಮನೆಯೊಂದು ಹಬ್ಬಕ್ಕೆ ಕೊಳಕಾಗಿ ಉಳಿಯುವುದೇ? ಹಂಸಾಬೆನ್ ಕೀಲಿ ತೆಗೆದು ಒಳಹೊಕ್ಕರು.

ಅಕ್ಕನ ಸ್ವೆಟರ್ ಒಯ್ಯಲೆಂದು ನಾನು ಆ ಮಧ್ಯಾಹ್ನ ಮನೆಗೆ ಬಂದೆ. ಮೆಟ್ಟಿಲ ಮೇಲೆ ಬಿಳಿಯ ನವಿರು ಗರಿಗಳು ಹಾರಾಡುತ್ತಿದ್ದವು. ಒಂದು ನನ್ನ ತುಟಿಗೆ ಬಂದು ಅಂಟಿತು. ಯಾವುದೋ ಪಾರಿವಾಳ ಬೆಕ್ಕಿನ ಬಾಯಿಗೆ ಸಿಕ್ಕಿರಬೇಕು ಎಂದುಕೊಂಡು ಮೇಲೆ ಹೋದೆ. ಟೆರೇಸು ಪೂರ್ತಿ ಗರಿ. ನಡುವೆ ಪಿಂಜಾರ ಬಿಲ್ಲು ಮಿಡಿಯುತ್ತ ಕೂತಿದ್ದ. ಅವನ ಪಕ್ಕದಲ್ಲಿ ಅಕ್ಕನ ಬ್ಯಾಗುಗಳು ದಪ್ಪಗೆ, ಗಟ್ಟಿಯಾಗಿ, ಹೊಲಿಗೆ ಹಾಕಿಸಿಕೊಂಡು ಒಂದರ ಮೇಲೊಂದು ಮಲಗಿದ್ದವು.

ಹಂಸಾಬೆನ್ ಸಂಭ್ರಮದಿಂದ ಓಡಿಬಂದರು. ಅವರ ಗುಜರಾತಿ ಬೆರೆತ ಹಿಂದಿಯ ಸಾರಾಂಶ ಇಷ್ಟು: "ಪಾಪ, ಬೆನ್‌ಗೆ ಯಾರೋ ಮೋಸ ಮಾಡಿದ್ದಾರೆ. ಎತ್ತಿ ನೋಡುತ್ತೇನೆ, ಒಳಗೆ ಏನೂ ಇಲ್ಲ, ಹಗುರ. ಹತ್ತಿ ಎಲ್ಲ ಸವೆದಿದೆ ಎಂದು ಬಿಚ್ಚಿಸಿದರೆ, ಅರೆರೇ, ಹಕ್ಕಿಯ ಗರಿ. ಎಷ್ಟು ಜೀವಗಳೋ ಏನೋ. ಅದರ ಮೇಲೆ ಮಲಗಿದ್ದಕ್ಕೇ ಬೆನ್‌ಗೆ ಕಾಯಿಲೆ ಬಂದಿದೆ. ಎಲ್ಲ ತೆಗೆಸಿ ಒಳ್ಳೇ ಹೊಸ ಹತ್ತಿ ಹಾಕಿಸಿದ್ದೇನೆ. ಚಿಂತಾ ನಹೀಂ."

ನಾನು ಕಿರುಚಿದೆ. ಏನೆಂದು ಕಿರುಚಿದೆನೋ ನೆನಪಿಲ್ಲ, ಮೂರು ಭಾಷೆಗಳೂ ಸೇರಿದ್ದವು. ಪಿಂಜಾರ ಬಿಲ್ಲು ನಿಲ್ಲಿಸಿದ. ಹಂಸಾಬೆನ್‌ರ ಮುಖ ಸಣ್ಣದಾಯಿತು, ಕಣ್ಣು ತುಂಬಿದವು. ಒಳ್ಳೆಯದು ಮಾಡಲು ಹೋಗಿ ಬೈಸಿಕೊಂಡವರ ಮುಖ ನೋಡುವುದು ಬಹಳ ಕಷ್ಟ. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಬೀಸುವ ಗಾಳಿಯಲ್ಲಿ ಆ ಗರಿಗಳನ್ನು ಆರಿಸಿ ತುಂಬುವುದು ಯಾರಿಂದಲೂ ಆಗದ ಮಾತಾಗಿತ್ತು.

ಆಸ್ಪತ್ರೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಅಕ್ಕ ಮನೆಗೆ ಬಂದ ದಿನ ಸೀದಾ ಆ ಕೋಣೆಗೇ ಹೋದರು. ಒಂದು ಸೀರೆಯ ಚೀಲಕ್ಕೆ ಕೈಹಾಕಿದರು. ಒಂದು ಕೈಗೆ ಬರಲಿಲ್ಲ. ಎರಡು ಕೈ ಹಾಕಲು ಹೊಟ್ಟೆಯ ಹೊಲಿಗೆ ಬಿಡಲಿಲ್ಲ. ನಾನು ಇಳಿಸಿಕೊಟ್ಟೆ. ಅಂಗೈಯಿಂದ ಒತ್ತಿ ನೋಡಿದರು. ಒತ್ತಿದಲ್ಲಿ ಕುಳಿ ಬಿತ್ತು, ಹಾಗೇ ಇತ್ತು. ಹಂಸಾಬೆನ್ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದರು. ನಾನು ಬಾಂಬು ಸಿಡಿಯುವುದನ್ನು ಕಾಯುತ್ತಿದ್ದೆ. ಸೇವ್ ವಾಸನೆಯನ್ನೇ ಬಿಡದವರು ಇದಕ್ಕೆ ಏನು ಮಾಡಬೇಡ?

ಅಕ್ಕ ತಿರುಗಿ ಹಂಸಾಬೆನ್‌ರ ಕೈ ಹಿಡಿದುಕೊಂಡು ಹಿಂದಿಯಲ್ಲಿ, "ಬಹಳ ಒಳ್ಳೇದು ಮಾಡಿದಿರಿ ಬೆನ್. ಹಳೇದಾಗಿದ್ದವು. ನನ್ನ ಕೈಲಿ ಆಗುತ್ತಿರಲಿಲ್ಲ" ಎಂದರು. ಆಕೆ ಅತ್ತು, ಮೂಗೊರೆಸಿಕೊಂಡು, ಅಕ್ಕನಿಗೆ ಖಿಚಡಿ ಕಳಿಸುತ್ತೇನೆಂದು ಹೋದರು. ಬಾಗಿಲು ಹಾಕಿಕೊಂಡಿತು. ಅಕ್ಕ ಮಂಚದ ತುದಿಯಲ್ಲಿ ಕೂತರು.

"ತಂಗಿ, ಈ ಸಲ ಯಾರರ ಫೋನ್ ಮಾಡಿ ಕೇಳಿದ್ರ ನಾ ಏನ್ ಹೇಳಲಿ?"

ಯಾರೂ ಮಾಡುವುದಿಲ್ಲ ಅಕ್ಕಾ ಎಂಬ ಮಾತು ನನ್ನ ನಾಲಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ. ಬೇರೆ ಕೊಂಡರಾಯಿತು, ಏನೋ ಒಂದು ಮಾಡೋಣ ಎಂದೆ. ಅವರು ಹತ್ತಿಯಲ್ಲಿ ಬಿದ್ದ ಕುಳಿಯನ್ನೇ ಬೆರಳಿನಿಂದ ಸವರುತ್ತಿದ್ದರು.

ಡಿಸೆಂಬರ್ ಬಂತು. ಮೊಬೈಲು ಟೀಪಾಯಿಗೆ ಬಂತು, ಸದ್ದು ಪೂರಾ ಏರಿತು. ಆ ವರ್ಷ ಅಕ್ಕ ಅದನ್ನು ನೋಡುವ ಬಗೆ ಬೇರೆಯಾಗಿತ್ತು. ರಿಂಗಾಗಲಿ ಎಂದೂ ಇತ್ತು, ರಿಂಗಾಗದಿರಲಿ ಎಂದೂ ಇತ್ತು. ಯಾರೂ ಮಾಡಲಿಲ್ಲ. ವರ್ಷದ ಕೊನೆಯ ಭಾನುವಾರ ಅವರು ಅದನ್ನು ಎತ್ತಿ ಸದ್ದು ಇಳಿಸುತ್ತ, "ಚಲೋ ಆತು ಬಿಡು. ಮಾಡಿದ್ರ ನಾಚಿಕಿ ಆಗತಿತ್ತು" ಎಂದರು. ನಾನು ಅವರ ಮುಖ ನೋಡಲಾರದೆ ಗೋಡೆ ನೋಡಿದೆ. ಅಂಥ ಒಂಟಿತನವನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನಗೂ ಒಂದು ದಿನ ಹೀಗೇ ಆದೀತು ಎಂದು ಹೆದರಿಕೆಯಾಯಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಭಾರಕ್ಕೆ ಪೈಪು ಜಗ್ಗತೊಡಗಿದ್ದರಿಂದ ಬ್ಯಾಗುಗಳನ್ನು ನೆಲಕ್ಕೆ ಇಳಿಸಬೇಕಾಯಿತು. ಹತ್ತಿ ತುಂಬಿದ ಮೇಲೆ ಅವನ್ನು ಹೇಗೆ ಬೇಕಾದರೂ ಮಡಚಬಹುದಿತ್ತು, ಅಟ್ಟದಲ್ಲಿ ಒಗೆಯಬಹುದಿತ್ತು. ಕೋಣೆ ಖಾಲಿಯಾಗುತ್ತಿತ್ತು. ಅಕ್ಕ ಮಡಚಲಿಲ್ಲ. ಅಗಲಕ್ಕೆ ಹಾಸಿ, ಮಳೆಗಾಲದಲ್ಲಿ ತಿರುವಿ ಹಾಕಿ, ಮೊದಲಿನಂತೆಯೇ ನೋಡಿಕೊಂಡರು.

ನನಗೆ ಸೂರತ್ತಿನಲ್ಲಿ ಕೆಲಸ ಸಿಕ್ಕಿತು. ರೈಲಿನಲ್ಲಿ ಎರಡು ತಾಸಿನ ದಾರಿ, ತಿಂಗಳಿಗೊಮ್ಮೆಯಾದರೂ ಹೋಗಿ ರೊಟ್ಟಿ ತಿಂದು ಬರುತ್ತಿದ್ದೆ. ಹೋದ ಸಂಕ್ರಾಂತಿ, ಇಲ್ಲಿಯವರ ಉತ್ತರಾಯಣ, ಮುಗಿದ ವಾರದಲ್ಲಿ ಹಂಸಾಬೆನ್ ಫೋನ್ ಮಾಡಿದರು. ಬೆಳಿಗ್ಗೆ ಹಾಲಿನವನು ಬೆಲ್ ಮಾಡಿದರೆ ಬಾಗಿಲು ತೆರೆಯಲಿಲ್ಲವಂತೆ. ಅಕ್ಕ ನಿದ್ದೆಯಲ್ಲೇ ಹೋಗಿದ್ದರು. ಬಾಗಲಕೋಟೆಯಿಂದ ಅಣ್ಣನ ಮಗ ಬಂದು ಕೊಳ್ಳಿಯಿಟ್ಟು, ರಜೆಯಿಲ್ಲವೆಂದು ಹೊರಟುಹೋದ. ಉಳಿದದ್ದನ್ನು ಹಂಸಾಬೆನ್ ನಿಂತು ಮಾಡಿದರು. ಇಲ್ಲಿಯ ಪದ್ಧತಿಯಂತೆ ಸೊಸೈಟಿಯ ಸಭಾಂಗಣದಲ್ಲಿ ಬೆಸಣು ಇಟ್ಟರು. ನೆಲಕ್ಕೆ ಬಿಳಿ ಚಾದರ ಹಾಸಿ, ಹೋದವರ ಫೋಟೋ ಇಟ್ಟು, ಬಂದವರೆಲ್ಲ ಬಿಳಿಯುಟ್ಟು ಸ್ವಲ್ಪ ಹೊತ್ತು ಕೂತು ಕೈಮುಗಿದು ಹೋಗುವುದು.

ಬೆರಳೆಣಿಕೆಯ ಜನ ಬರಬಹುದು ಎಂದುಕೊಂಡಿದ್ದೆ. ಸಭಾಂಗಣ ತುಂಬಿತು. ಗುಂಪಿಗೆ ಗುಂಪೇ ಬಂದಿತ್ತು, ಅಹಮದಾಬಾದಿನಿಂದ, ಮುಂಬೈಯಿಂದ, ಒಬ್ಬಾಕೆ ದೆಹಲಿಯಿಂದ. ನಾನು ಕತೆಗಳಲ್ಲಿ ಮಾತ್ರ ಕೇಳಿದ್ದ ಹುಡುಗರಿಗೆಲ್ಲ ತಲೆ ನರೆತಿತ್ತು. ದೀದಿ ಹೇಗೆ ಬಯ್ಯುತ್ತಿದ್ದರು ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಅಳುತ್ತಲೇ ನಕ್ಕರು. ಅಲ್ಲೇ ಕೂತು, ಈ ಡಿಸೆಂಬರಿಗೆ ದೀದಿಯ ನೆನಪಿಗೆ ಎಲ್ಲರೂ ಆಬುವಿಗೆ ಹೋಗಲೇಬೇಕು ಎಂದು ತೀರ್ಮಾನಿಸಿದರು. ಬೊಕ್ಕತಲೆಯ ದಪ್ಪ ಮನುಷ್ಯನೊಬ್ಬ ನನ್ನ ಹತ್ತಿರ ಬಂದು ತಾನು ಜಿಗ್ನೇಶ್ ಎಂದ.

"ನಮ್ಮ ಬ್ಯಾಗುಗಳು ಇವೆಯಲ್ಲ? ದೀದಿ ಹಾಗೇ ಇಟ್ಟಿರುತ್ತಾರೆ, ನನಗೆ ಗೊತ್ತು."

"ಒಂದು ಫೋನ್ ಮಾಡಬಾರದಾಗಿತ್ತೇ?" ಎಂದೆ.

"ಪ್ರತಿ ವರ್ಷ ಅಂದುಕೊಳ್ಳುತ್ತಿದ್ದೆವು. ವಯಸ್ಸಾಗಿದೆ, ಒಬ್ಬರೇ ಇದ್ದಾರೆ, ಯಾಕೆ ತೊಂದರೆ ಕೊಡುವುದು ಅಂತ."

"ಅವರಿಗೆ ಆ ತೊಂದರೆಯೇ ಬೇಕಾಗಿತ್ತು."

ಅವನನ್ನು ಮೇಲೆ ಕರೆದುಕೊಂಡು ಹೋದೆ. ಹಂಸಾಬೆನ್ ನಮ್ಮ ಹಿಂದೆಯೇ ಬಂದರು. ಜಿಗ್ನೇಶ್ ತನ್ನದನ್ನು ಹುಡುಕಿ ತಬ್ಬಿ ಎತ್ತಿದ. ಭಾರಕ್ಕೆ ತಡವರಿಸಿ, ಅದುಮಿ ನೋಡಿ, ನನ್ನ ಕಡೆ ತಿರುಗಿ, "ಇದು ಹತ್ತಿ. ಗರಿ ಏನಾಯಿತು?" ಎಂದು ಕೇಳಿದ. ಬಾಗಿಲಲ್ಲಿ ನಿಂತಿದ್ದ ಹಂಸಾಬೆನ್‌ರ ಮುಖ ಬಿಳಿಚಿತು.

"ದೀದಿಯೇ ತೆಗೆಸಿಬಿಟ್ಟರು" ಎಂದೆ. "ಇನ್ನು ಯಾರೂ ಬರುವುದಿಲ್ಲ, ಗರಿ ಯಾತಕ್ಕೆ ಅಂದರು."

ಜಿಗ್ನೇಶ್ ಆ ಬ್ಯಾಗನ್ನು ಎದೆಗೊತ್ತಿಕೊಂಡೇ ನೆಲಕ್ಕೆ ಕುಸಿದು ಕೂತು ಸಣ್ಣ ಮಗುವಿನಂತೆ ಅಳತೊಡಗಿದ. ಹಂಸಾಬೆನ್ ನೀರು ತರಲು ಹೊರಟರು, ನಾನು ಕೈ ಹಿಡಿದು ನಿಲ್ಲಿಸಿದೆ. ಅಳಲಿ ಎಂದು ಬಿಟ್ಟೆ.